ಸ್ಟೂಲಕ್ಕನ ಒಂದೇ ಮಾತು

ಹಳೇ ಕಟ್ಟಡ ಕೆಡವುವ ಆ ಎಂಟು ಜನರ ತಂಡದಲ್ಲಿ ಒಂದು ಮಾತಿಗೆ ನಿಷೇಧವಿತ್ತು. ಬೈಗುಳಕ್ಕಲ್ಲ. ಬೈಗುಳಕ್ಕೆ ಅಲ್ಲಿ ಬರಗಾಲವೇ ಇರಲಿಲ್ಲ, ಬೆಳಗಿನ ಮೊದಲ ಬುಟ್ಟಿ ಎತ್ತುವುದರೊಳಗೆ ಯಾರದಾದರೂ ಮೂರು ತಲೆಮಾರು ಉದ್ಧಾರವಾಗಿರುತ್ತಿತ್ತು. ನಿಷೇಧ ಇದ್ದದ್ದು 'ಓಡು' ಎಂಬ ಮಾತಿಗೆ. ಮಾತು ಕಲಿಯುವ ಮಗುವಿಗೂ ಗೊತ್ತಿರುವ, ಯಾರ ಬಾಯಲ್ಲಾದರೂ ದಿನಕ್ಕೆ ಇಪ್ಪತ್ತು ಸಲ ಬಂದುಹೋಗುವ ಈ ಮಾತನ್ನು ಆ ತಂಡದವರು ಸುಮ್ಮಸುಮ್ಮನೆ ಆಡುವಂತಿರಲಿಲ್ಲ. ಆಡಿದರೆ ಗೋಡೆ ಬೀಳುತ್ತಿದೆ ಎಂದರ್ಥ. ಕೇಳಿದವರು ಕೈಯಲ್ಲಿದ್ದದ್ದನ್ನು ಇದ್ದಲ್ಲೇ ಬಿಟ್ಟು, ಯಾಕೆ ಏನು ಎಂದು ಕೇಳದೆ, ತಿರುಗಿ ನೋಡದೆ, ರಸ್ತೆಯಾಚೆಯ ತಂತಿಬೇಲಿಯವರೆಗೆ ಓಡಬೇಕು. ಅದಕ್ಕೆ ಬೇರೆ ಅರ್ಥವಿರಲಿಲ್ಲ.

ಒಂದು ಮಾತಿಗೆ ಹೀಗೆ ಬೀಗ ಹಾಕಿಟ್ಟರೆ ಉಳಿದ ಮಾತುಕತೆ ಎಷ್ಟು ಕಷ್ಟ ಎಂಬುದು ಪಾಡು ಪಟ್ಟವರಿಗೇ ಗೊತ್ತು. ಗಡಿಯಾರ ಓಡುತ್ತದೆ ಎನ್ನುವಂತಿಲ್ಲ, ನಡೆಯುತ್ತದೆ ಎನ್ನಬೇಕು. ಸಿನಿಮಾ ನೂರು ದಿನ ಓಡಿತು ಎನ್ನುವಂತಿಲ್ಲ, ನೂರು ದಿನ ನಿಂತಿತು ಎನ್ನುತ್ತಿದ್ದರು. ತಲೆ ಓಡದಿದ್ದರೆ ತಲೆ ಕೂತಿದೆ. ಕಲ್ಲುಮಣ್ಣು ಸಾಗಿಸುವ ಲಾರಿಯವನು ಹೊಸದಾಗಿ ಬಂದಾಗ, "ನನ್ ಗಾಡಿ ಎರಡು ಲಕ್ಷ ಕಿಲೋಮೀಟರ್ ಓಡಿದೆ ಗೊತ್ತಾ" ಎಂದು ಜಂಬ ಕೊಚ್ಚಿದ್ದೇ ತಡ, ಬುಟ್ಟಿ ಹೊತ್ತಿದ್ದ ನಾಲ್ವರೂ ಬುಟ್ಟಿ ಬಿಟ್ಟು ಬೇಲಿ ಸೇರಿದ್ದರು. ಒಂದು ಬುಟ್ಟಿ ಅವನ ಕಾಲ ಮೇಲೆ ಬಿತ್ತು. ಹೆಬ್ಬೆರಳು ಹದಿನೈದು ದಿನ ಬದನೆಕಾಯಿಯ ಬಣ್ಣಕ್ಕಿತ್ತು. ಆಮೇಲೆ ಅವನ ಗಾಡಿ ಎರಡು ಲಕ್ಷ ಕಿಲೋಮೀಟರ್ 'ಕಂಡಿದೆ' ಅಷ್ಟೆ. ಮೇಸ್ತ್ರಿಯ ತಂಗಿ ಮನೆಯವರಿಗೆ ಹೇಳದೆ ಕೇಳದೆ ಒಬ್ಬನ ಜೊತೆ ಹೊರಟುಹೋದಾಗ ಬೀದಿಯವರೆಲ್ಲ ಬಾಯಿತುಂಬ ಆಡಿದ ಮಾತನ್ನು ಈ ತಂಡ ಮಾತ್ರ ಆಡಲಿಲ್ಲ. "ಮೇಸ್ತ್ರಿ ತಂಗಿ ಸ್ವಲ್ಪ ಬೇಗ ಹೊರಟ್ಲಂತೆ" ಎಂದರು. ತನ್ನ ಮರ್ಯಾದೆ ಕಾಯುವುದಕ್ಕೆ ಹಾಗಂದರು ಎಂದುಕೊಂಡು ಮೇಸ್ತ್ರಿ ಕಣ್ಣೊರೆಸಿಕೊಂಡ.

ನಿಯಮ ಮಾಡಿದ್ದು ಮೇಸ್ತ್ರಿಯ ಅಪ್ಪ. ಅವನ ಕಾಲದಲ್ಲಿ ಗೋಡೆ ಕಾಯುತ್ತಿದ್ದವನು ಒಂದು ದಿನ, "ಏ ನೋಡ್ರಪ್ಪಾ, ಆ ಗೋಡೆ ಯಾಕೋ ವಾಲ್ತಾ ಇರೋ ಹಾಗಿದೆ, ಹುಷಾರು" ಎಂದು ಕೂಗಿದ್ದ. ನೋಡಿ ಎಂದರೆ ಜನ ಏನು ಮಾಡುತ್ತಾರೆ? ನಿಂತು ನೋಡಿದರು. ನೋಡುತ್ತಿದ್ದವರಲ್ಲಿ ಇಬ್ಬರು ಬದುಕಲಿಲ್ಲ. ಅವತ್ತಿನಿಂದ ಒಂದೇ ಮಾತು. ಅದಕ್ಕೆ ಹಿಂದಿಲ್ಲ ಮುಂದಿಲ್ಲ, ಅಪ್ಪಾ ಅಮ್ಮಾ ಇಲ್ಲ, ಹಿರಿಯರಿಗೆ ಬಹುವಚನವೂ ಇಲ್ಲ.

ಆ ಮಾತನ್ನು ಆಡುವ ಅಧಿಕಾರ ಒಬ್ಬರಿಗೇ. ಈಗ ಒಂಬತ್ತು ವರ್ಷದಿಂದ ಅದು ಸ್ಟೂಲಕ್ಕನದು. ಐವತ್ತನಾಲ್ಕು ವಯಸ್ಸು, ಅದರಲ್ಲಿ ಇಪ್ಪತ್ತು ವರ್ಷ ತಲೆಯ ಮೇಲೆ ಇಟ್ಟಿಗೆ ಹೊತ್ತವಳು. ಮಂಡಿ ಸವೆದ ಮೇಲೆ ಅವಳನ್ನು ಕಬ್ಬಿಣದ ಒಂದು ಸ್ಟೂಲಿನ ಮೇಲೆ ಕೂರಿಸಿದರು, ಹೆಸರೂ ಅದೇ ಆಯಿತು. ಬೆಳಗಿಂದ ಸಂಜೆಯವರೆಗೆ ಗೋಡೆ ನೋಡುವುದು ಅವಳ ಕೆಲಸ. ಸಂದಿನಿಂದ ಸುಣ್ಣ ದಾರದ ಹಾಗೆ ಉದುರುತ್ತಿದೆಯೇ, ಕಿಟಕಿಯ ಮೇಲಿನ ಕಲ್ಲು ಕೆಳಕ್ಕೆ ಕೂರುತ್ತಿದೆಯೇ, ಮೇಲಿಂದ ಇಳಿಬಿಟ್ಟ ತೂಗುಗುಂಡು ಗೋಡೆಯಿಂದ ದೂರ ಸರಿದಿದೆಯೇ. ಬಿರುಕು ಇದ್ದ ಕಡೆ, ಬರಬಹುದೆಂಬ ಅನುಮಾನವಿದ್ದ ಕಡೆಯೂ, ಅಡ್ಡಲಾಗಿ ಒಂದು ಗಾಜಿನ ಪಟ್ಟಿಯನ್ನು ಗಾರೆಯಲ್ಲಿ ಅಂಟಿಸಿರುತ್ತಿದ್ದರು. ಗೋಡೆ ಕೂದಲೆಳೆಯಷ್ಟು ಅಲುಗಾಡಿದರೂ ಗಾಜು ಸೀಳಿಹೋಗುತ್ತದೆ. ಅದನ್ನೂ ನೋಡುತ್ತಿರಬೇಕು. ಯಾರಾದರೂ ಗೋಡೆಯ ಕೆಳಗಿರುವಾಗ ಸ್ಟೂಲು ಖಾಲಿ ಇರುವಂತಿಲ್ಲ.

ಒಂಬತ್ತು ವರ್ಷದಲ್ಲಿ ಅವಳು ಹನ್ನೊಂದು ಸಲ ಓಡು ಎಂದಿದ್ದಳು. ಹನ್ನೊಂದು ಸಲವೂ ಗೋಡೆ ಬಿದ್ದಿತ್ತು, ಯಾರಿಗೂ ಒಂದು ತರಚುಗಾಯವೂ ಆಗಿರಲಿಲ್ಲ. ಏಳು ಜನ ಹಿಂದೆ ತಿರುಗಿ ನೋಡದೆ ಓಡುತ್ತಿದ್ದರೆಂದರೆ ಅದು ಅವಳ ಬಾಯಿಯ ಮೇಲಿನ ನಂಬಿಕೆಯಿಂದ. ಆ ಏಳು ಜನರಲ್ಲಿ ಅವಳ ಸೊಸೆಯೂ ಒಬ್ಬಳು.

ಆಗ ಅವರು ಕೆಡವುತ್ತಿದ್ದದ್ದು ಮೂರು ಅಂತಸ್ತಿನ ಒಂದು ಹಳೇ ಲಾಡ್ಜು. ಸೂರು ಹೋಗಿತ್ತು, ಮೇಲಿನ ಅಂತಸ್ತು ಹೋಗಿತ್ತು, ಹಿಂಬದಿಯ ಉದ್ದನೆಯ ಗೋಡೆಯೊಂದು ಎರಡಾಳೆತ್ತರಕ್ಕೂ ಮಿಗಿಲಾಗಿ ಒಂಟಿಯಾಗಿ ನಿಂತಿತ್ತು. ಅದಕ್ಕೆ ನಾಲ್ಕು ಆಸರೆ ಮರ ಕೊಟ್ಟಿದ್ದರು, ಬಲಗಡೆ ಹಳೆಯ ಬಿರುಕು ಇದ್ದದ್ದರಿಂದ ಮೂರು ಅಲ್ಲಿ, ಒಂದು ಎಡಗಡೆ.

ಅದೇ ವಾರ ಮೊಮ್ಮಗಳಿಗೆ ಜ್ವರ ಬಂತು. ಮಗ ದೂರದ ಊರುಗಳಿಗೆ ಸರಕು ಸಾಗಿಸುವವನು, ಮನೆಯಲ್ಲಿರಲಿಲ್ಲ. ಹಗಲು ಪಕ್ಕದ ಮನೆಯವರು ನೋಡಿಕೊಳ್ಳುತ್ತಿದ್ದರು. ರಾತ್ರಿ ಮಗುವಿನ ಹಣೆಗೆ ಒದ್ದೆ ಬಟ್ಟೆ ಹಾಕುತ್ತ ಯಾರು ಎಚ್ಚರವಿರುವುದು ಎಂಬ ಮಾತು ಬಂದಾಗ ಸ್ಟೂಲಕ್ಕ ಸೊಸೆಯ ಮಾತಿಗೆ ಕಿವಿಗೊಡಲೇ ಇಲ್ಲ.

"ನೀನು ಗೋಡೆ ಕೆಳಗೆ ಹೋಗೋಳು, ಸುಮ್ನೆ ಮಲ್ಕೋ. ನನಗೇನು, ಕೂತಿರೋದು ತಾನೆ" ಎಂದಳು.

ಕೂತಿರೋದು ತಾನೆ. ಒಂಬತ್ತು ವರ್ಷ ಆ ಸ್ಟೂಲಿನ ಮೇಲೆ ಕೂತ ಹೆಂಗಸು ಇಂಥ ಮಾತಾಡಿದಳು. ಏಳು ಜನರಲ್ಲಿ ಯಾರು ತೂಕಡಿಸಿದರೂ ಒಂದು ಇಟ್ಟಿಗೆ ಕೆಳಗೆ ಬೀಳುತ್ತಿತ್ತು, ಅಷ್ಟೇ. ನಿದ್ದೆ ಬೇಕಾಗಿದ್ದದ್ದು ಕೂತಿರುವವಳಿಗೆ. ಆದರೆ ಮಗುವಿನ ಮೈ ಸುಡುತ್ತಿರುವಾಗ ಇಷ್ಟೆಲ್ಲ ಯಾರಿಗೆ ಹೊಳೆಯುತ್ತದೆ? ಮೂರು ರಾತ್ರಿ ಅವಳು ಕಣ್ಣು ಮುಚ್ಚಲಿಲ್ಲ.

ಮಂಗಳವಾರ ಬೆಳಗ್ಗೆ ಹತ್ತು ಗಂಟೆ. ಬಿಸಿಲು ಬೆನ್ನಿಗೆ ಹಿತವಾಗಿ ಬಿದ್ದಿತ್ತು. ಗುದ್ದಲಿ ಟಕ್, ಟಕ್ ಎನ್ನುತ್ತಿತ್ತು. ಸ್ಟೂಲಕ್ಕನ ಕಣ್ಣು ಮುಚ್ಚಿದ್ದು ಅವಳಿಗೇ ತಿಳಿಯಲಿಲ್ಲ. ಎಷ್ಟು ಹೊತ್ತು ಎಂಬುದೂ ತಿಳಿಯಲಿಲ್ಲ, ಒಂದು ನಿಮಿಷವಿರಬಹುದು, ಹತ್ತಿರಬಹುದು. ಏನೋ ಮೇಲಿಂದ ಕುಸಿದಂತಾಯಿತು, ಕಣ್ಣು ಬಿಡುವ ಮೊದಲೇ ಬಾಯಿ ಕೂಗಿತ್ತು.

"ಓಡು."

ಕುಸಿದದ್ದು ಅವಳದೇ ತಲೆ, ಎದೆಯ ಮೇಲಕ್ಕೆ.

ಗುದ್ದಲಿ ಬಿದ್ದವು, ಬುಟ್ಟಿ ಬಿದ್ದವು. ಏಳು ಜನ ಅವಳ ಎರಡೂ ಪಕ್ಕದಿಂದ ದಾಟಿ ರಸ್ತೆಗೆ ಬಂದು ಬೇಲಿ ಹಿಡಿದು ನಿಂತರು. ಸೊಸೆ ಕೊನೆಯವಳಾಗಿ ಬಂದು ಮಂಡಿಯ ಮೇಲೆ ಕೈಯೂರಿ ಏದುಸಿರು ಬಿಟ್ಟಳು. ಆಮೇಲೆ ಎಲ್ಲರೂ ತಿರುಗಿ ನೋಡಿದರು. ಗೋಡೆ ನಿಂತೇ ಇತ್ತು. ಒಂದು ನಿಮಿಷ ಕಾದರು, ಐದು ನಿಮಿಷ ಕಾದರು. ಕಾಗೆಯೊಂದು ಬಂದು ಗೋಡೆಯ ನೆತ್ತಿಯ ಮೇಲೆ ಕೂತು ಕೊಕ್ಕು ಉಜ್ಜಿಕೊಂಡಿತು.

ಮೇಸ್ತ್ರಿ ಹತ್ತಿರ ಬಂದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಅವಳಿಗೆ ಹೆಚ್ಚು ಕಷ್ಟವಾಯಿತು.

"ಏನು ಕಂಡ್ರಿ ಅಕ್ಕ?"

ನಿದ್ದೆ ಬಂತು ಎನ್ನುವುದಕ್ಕೆ ಎರಡೇ ಮಾತು ಸಾಕಿತ್ತು. ಅವು ನಾಲಿಗೆಯ ತುದಿಯವರೆಗೆ ಬಂದವು. ಆದರೆ ಆ ಏಳು ಜನರ ಮುಖ ನೋಡಿದಳು. ಒಬ್ಬರೂ ಅನುಮಾನದಿಂದ ನೋಡುತ್ತಿರಲಿಲ್ಲ. ಒಂಬತ್ತು ವರ್ಷದ ಹೆಸರು ಒಂದು ತೂಕಡಿಕೆಗೆ ಮಣ್ಣುಪಾಲಾಗುತ್ತದೆ ಎನ್ನಿಸಿತು.

"ಎಡಗಡೆ, ಮೇಲಿನ ಕಿಟಕಿ ಹತ್ರ" ಎಂದಳು. "ಕಲ್ಲು ಸ್ವಲ್ಪ ಕೂತಂಗಾಯ್ತು."

ಮೇಸ್ತ್ರಿ ದೂರದಿಂದಲೇ ಸುತ್ತಿ ನೋಡಿದ. ಎಡಗಡೆಯ ಗಾಜು ಸೀಳಿರಲಿಲ್ಲ. ತೂಗುಗುಂಡು ಇದ್ದಲ್ಲೇ ಇತ್ತು. ಅವನು ಬಹಳ ಹೊತ್ತು ಗಡ್ಡ ಕೆರೆದುಕೊಂಡ. ಬೇರೆ ಯಾವ ಮೇಸ್ತ್ರಿಯಾದರೂ ಗಾಜನ್ನೇ ನಂಬುತ್ತಿದ್ದ. ಇವನು ಮಾತ್ರ, "ಗಾಜಿಗೆ ಗೊತ್ತಾಗಿಲ್ಲ, ಅಕ್ಕನಿಗೆ ಗೊತ್ತಾಗಿದೆ" ಎಂದ.

ತಂಡದಲ್ಲಿ ಗೊಣಗಪ್ಪ ಎಂಬ ಒಬ್ಬನಿದ್ದ. ಗೊಣಗುವುದು ಬಿಟ್ಟು ಅವನಿಗೆ ಬೇರೆ ರಾಗ ಬರುತ್ತಿರಲಿಲ್ಲ. ಬಿಸಿಲಿದ್ದರೆ ಬಿಸಿಲು, ಮೋಡವಿದ್ದರೆ ಮೋಡ, ಕೂಲಿ ಕೊಟ್ಟರೆ ಹಳೇ ನೋಟು ಕೊಟ್ಟರೆಂದು. ಅಂಥವನು ಅವತ್ತು, "ಗಾಜಿಗೆ ಕಣ್ಣಿದ್ಯಾ ಮೇಸ್ತ್ರಿ? ನನ್ ಹೆಂಡ್ತಿ ಮಕ್ಕಳು ಅಕ್ಕನ ಕಣ್ಣಿನಿಂದ ಊಟ ಮಾಡ್ತಿದ್ದಾರೆ" ಎಂದುಬಿಟ್ಟ. ಹದಿನಾರು ವರ್ಷದಲ್ಲಿ ಅವನ ಬಾಯಿಂದ ಬಂದ ಮೊದಲ ಹೊಗಳಿಕೆ ಅದು. ಆ ಹೊತ್ತಿನಲ್ಲಿ ಸ್ಟೂಲಕ್ಕನಿಗೆ ಅವನು ಎರಡು ಕೆನ್ನೆಗೆ ಹೊಡೆದಿದ್ದರೂ ಇಷ್ಟು ನೋವಾಗುತ್ತಿರಲಿಲ್ಲ.

ಅವತ್ತು ಮಧ್ಯಾಹ್ನದವರೆಗೆ ಯಾರೂ ಒಳಗೆ ಹೋಗಲಿಲ್ಲ. ಆಮೇಲೆ ಮೇಸ್ತ್ರಿ ನೆಲದ ಮೇಲೆ ಕಡ್ಡಿಯಿಂದ ಗೀರಿ ಎಲ್ಲರಿಗೂ ತೋರಿಸಿದ. ಇರುವುದು ನಾಲ್ಕೇ ಆಸರೆ ಮರ. ನಾಳೆ ಬೆಳಗ್ಗೆ ಬಲಗಡೆಯ ಮೂರರಲ್ಲಿ ಎರಡನ್ನು ಕಿತ್ತು ಎಡಗಡೆ ಕೊಡುವುದು. ಬಲಗಡೆ ಬಿರುಕು ಇದೆ, ಆದರೆ ಎರಡು ತಿಂಗಳಿಂದ ಗಾಜು ಹಾಗೇ ಇದೆ. ಎಡ ಗಟ್ಟಿಯಾಗುವವರೆಗೆ ಇಟ್ಟಿಗೆ ಬಿಡಿಸುವ ಕೆಲಸ ಬಲಗಡೆ. ಯಾರು ಯಾರು ಎಲ್ಲಿ ಎಂದು ಬೆರಳು ತೋರಿಸುತ್ತ ಬಂದು, "ನೀನು ಬಲಗಡೆ" ಎಂದು ಸೊಸೆಗೂ ಹೇಳಿದ.

ಇಲ್ಲದ ಬಿರುಕಿಗೆ ಆಸರೆ ಕೊಡುವುದಕ್ಕೆ ಇರುವ ಬಿರುಕಿನ ಆಸರೆ ಕೀಳುತ್ತಾರೆ ಎಂದು ಸ್ಟೂಲಕ್ಕನಿಗೆ ಆಗ ಅರ್ಥವಾಯಿತು. ಈಗ ಹೇಳಬೇಕು ಎಂದುಕೊಂಡಳು. ಹೇಳಲಿಲ್ಲ. ನಾಳೆ ಬೆಳಗ್ಗೆ ಕೆಲಸ ಶುರುವಾಗುವ ಮೊದಲು ಮೇಸ್ತ್ರಿಯನ್ನು ಒಂದು ಕಡೆ ಕರೆದು ಹೇಳಿದರಾಯಿತು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು.

ಮನೆಗೆ ಬಂದಾಗ ಮಗುವಿನ ಜ್ವರ ಇಳಿದಿತ್ತು. ಸೊಸೆಯ ಮುಖದಲ್ಲಿ ಗೆಲುವಿತ್ತು. ಅತ್ತೆಗೆ ಮೊದಲು ಬಡಿಸಿ, "ನನಗೇನೂ ಕಾಣ್ಲಿಲ್ಲ ಅತ್ತೆ, ನಿಮಗದು ಹೇಗೆ ಕಾಣ್ಸತ್ತೋ" ಎಂದಳು. ಸ್ಟೂಲಕ್ಕ ತಟ್ಟೆಯಲ್ಲಿ ಬೆರಳಾಡಿಸಿ ಎದ್ದಳು.

ಮೊಮ್ಮಗಳು ಮೂರು ದಿನದ ಹೋಂವರ್ಕ್ ಹರಡಿಕೊಂಡು ಕೂತಿದ್ದಳು. ಕೊಟ್ಟ ಪದಗಳನ್ನು ಸ್ವಂತ ವಾಕ್ಯದಲ್ಲಿ ಬಳಸಿ ಎಂದಿತ್ತು. ಹಾಡು ಆಗಿತ್ತು, ಹಾರು ಆಗಿತ್ತು, ಮೂರನೆಯದರ ಮುಂದೆ ಜಾಗ ಖಾಲಿ.

"ಇದನ್ನ ಯಾಕೆ ಬಿಟ್ಟೆ?"

"ಅದು ಆಡಬಾರದ ಮಾತಲ್ವಾ ಅಜ್ಜಿ."

"ಬರೆದ್ರೆ ಪರವಾಗಿಲ್ಲ. ಬರಿ."

ಮಗು ನಾಲಿಗೆ ಕಚ್ಚಿಕೊಂಡು ನಿಧಾನಕ್ಕೆ ಬರೆಯಿತು. ಶಾಲೆಯ ಬೇರೆ ಮಕ್ಕಳು ನಾಯಿ ಓಡಿತು, ಕುದುರೆ ಓಡಿತು, ಕಳ್ಳ ಓಡಿಹೋದನು ಎಂದು ಬರೆದಿರುತ್ತಾರೆ. ಇವಳು ಬರೆದದ್ದು, 'ನನ್ನ ಅಜ್ಜಿ ಓಡು ಎಂದರೆ ಎಲ್ಲರೂ ಬದುಕುತ್ತಾರೆ.' ಬರೆದು, ಸರಿಯಾ ಎಂದು ತಲೆಯೆತ್ತಿ ನೋಡಿದಳು.

"ಸರಿ" ಎಂದು ಸ್ಟೂಲಕ್ಕ ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿ ಮುಖಕ್ಕೆ ನೀರು ಹಾಕಿಕೊಂಡಳು. ನೀರು ಹಾಕಿಕೊಳ್ಳುತ್ತಲೇ ಅತ್ತಳು. ಹೊರಗೆ ಬಂದಾಗ ಸೊಸೆ ಮಗುವಿನ ಪಕ್ಕದಲ್ಲಿ ನಿದ್ದೆ ಹೋಗಿದ್ದಳು, ಎಬ್ಬಿಸಲು ಮನಸ್ಸಾಗಲಿಲ್ಲ.

ಮರುದಿನ ಬಸ್ಸು ತಡವಾಯಿತು. ಇವರು ಹೋಗುವಷ್ಟರಲ್ಲಿ ಕೆಲಸ ಶುರುವಾಗುವ ಹೊತ್ತು ಮೀರಿತ್ತು. "ಬನ್ನಿ ಅಕ್ಕ, ನಿಮಗೇ ಕಾಯ್ತಿದ್ವಿ" ಎಂದು ಮೇಸ್ತ್ರಿ ದೂರದಿಂದಲೇ ಕೈಬೀಸಿ ಒಳಗೆ ಹೋದ. ಅವಳು ಸ್ಟೂಲಿನ ಮೇಲೆ ಕೂತಳು, ಸೊಸೆ ಬುಟ್ಟಿ ಹಿಡಿದು ಬಲಗಡೆಗೆ ನಡೆದಳು. ಒಂದು ಕಡೆ ಕರೆದು ಹೇಳುವ ಅವಕಾಶ ಅಲ್ಲಿಗೆ ಮುಗಿಯಿತು, ಏಕೆಂದರೆ ಜನ ಗೋಡೆಯ ಕೆಳಗಿರುವಾಗ ಅವಳು ಸ್ಟೂಲು ಬಿಟ್ಟು ಏಳುವಂತಿರಲಿಲ್ಲ.

ಬಲಗಡೆಯ ಮೊದಲ ಆಸರೆ ಮರ ಬಿಚ್ಚಿ ಇಬ್ಬರು ಹೊತ್ತು ತಂದರು. ಎರಡನೆಯದರ ಬುಡದ ಬೆಣೆ ಸಡಿಲಿಸುವುದಕ್ಕೆ ಗೊಣಗಪ್ಪ ಸುತ್ತಿಗೆ ಎತ್ತಿದ. ಅವನ ಬಲಕ್ಕೆ ನಾಲ್ಕು ಮೊಳದಲ್ಲಿ ಸೊಸೆ ಬಗ್ಗಿ ಇಟ್ಟಿಗೆ ಆಯುತ್ತಿದ್ದಳು.

ಅವರನ್ನು ಹೊರಗೆ ತರಲು ಸ್ಟೂಲಕ್ಕನಿಗೆ ಸುಲಭದ ದಾರಿಯೊಂದಿತ್ತು. ಇನ್ನೊಂದು ಸಲ ಆ ಮಾತು ಕೂಗಿದರೆ ಎಲ್ಲರೂ ಬೇಲಿಯ ಹತ್ತಿರ ಇರುತ್ತಿದ್ದರು, ಇನ್ನೊಂದು ಸುಳ್ಳು ಹೇಳಿ ಮರಗಳನ್ನು ಇದ್ದಲ್ಲಿಗೇ ಕಳಿಸಬಹುದಿತ್ತು, ಹೆಸರೂ ಉಳಿಯುತ್ತಿತ್ತು. ಬಾಯಿ ತೆರೆದೂ ಆಗಿತ್ತು. ಆದರೆ ಬಂದದ್ದು ಬೇರೆ ಮಾತು, ಉದ್ದನೆಯದು, ರಸ್ತೆಯಲ್ಲಿ ಹೋಗುವವರಿಗೂ ಕೇಳುವಂಥದ್ದು.

"ಮೇಸ್ತ್ರಿ, ಮರ ಕೀಳಿಸಬೇಡಪ್ಪ. ನಿನ್ನೆ ನಾನು ಏನೂ ಕಾಣ್ಲಿಲ್ಲ. ಎಡಗಡೆ ಏನೂ ಆಗಿಲ್ಲ. ನಾನು ಸ್ಟೂಲ್ ಮೇಲೆ ನಿದ್ದೆ ಹೋಗಿದ್ದೆ."

ಗೊಣಗಪ್ಪನ ಸುತ್ತಿಗೆ ಮೇಲೇ ನಿಂತಿತು. ಮೇಸ್ತ್ರಿ ಬಲಗಡೆಯ ಗಾಜಿನ ಕಡೆ ತಿರುಗಿದ. ಎರಡು ತಿಂಗಳಿಂದ ಹಾಗೇ ಇದ್ದ ಗಾಜು ನಡುವೆ ಸೀಳಿತ್ತು. ಒಂದು ಮರ ತೆಗೆದದ್ದಕ್ಕೇ.

"ಎಲ್ಲ ಆಚೆ ಬನ್ನಿ" ಎಂದ, ಮೆಲ್ಲಗೆ. "ಸುತ್ತಿಗೆ ಅಲ್ಲೇ ಬಿಡು. ನಿಧಾನಕ್ಕೆ ಬನ್ನಿ."

ಎಲ್ಲರೂ ಬಂದರು. ಯಾರೂ ಅವಳನ್ನು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿರುತ್ತಿತ್ತು. ಸೊಸೆ ಮಾತ್ರ, "ಮೂರು ರಾತ್ರಿ ನಾನು ಮಲಗಿದ್ದೆ ಮೇಸ್ತ್ರಿ. ಅವರು ಎದ್ದಿದ್ರು. ತಪ್ಪು ನಂದೂ ಇದೆ" ಎಂದಳು.

"ನಿದ್ದೆಗೆ ನಾನು ಏನೂ ಅನ್ನಲ್ಲ" ಎಂದ ಮೇಸ್ತ್ರಿ. "ನಿದ್ದೆ ನಮ್ಮಪ್ಪನಿಗೂ ಬರ್ತಿತ್ತು. ಕಂಡೆ ಅಂದ್ರಲ್ಲ ಅಕ್ಕ. ನಾನು ಗಾಜು ಬಿಟ್ಟು ನಿಮ್ಮನ್ನ ನಂಬಿದೆ."

ಸ್ಟೂಲಕ್ಕ ತಲೆಯೆತ್ತಲಿಲ್ಲ. "ನನ್ನ ಹೆಸರು ಉಳೀಲಿ ಅಂತ ಹೇಳಿದೆ" ಎಂದಳು.

ಗೊಣಗಪ್ಪ ಬೇಲಿಯ ತಂತಿಯನ್ನು ಬೆರಳಿನಿಂದ ಮೀಟುತ್ತ ನಿಂತಿದ್ದ. "ಅದೆಲ್ಲ ಇರಲಿ. ಇನ್ಮೇಲೆ ಆ ಮಾತು ಕಿವಿಗೆ ಬಿದ್ರೆ ನಮ್ಗೆ ಕಾಲು ಏಳತ್ತಾ? ಅದನ್ನ ಹೇಳಿ ಮೊದ್ಲು" ಎಂದ. ಎಲ್ಲರ ಮನಸ್ಸಿನಲ್ಲೂ ಇದ್ದ ಮಾತದು. ಮೇಸ್ತ್ರಿ, "ಅವತ್ತು ಬಂದಾಗ ಗೊತ್ತಾಗತ್ತೆ" ಎಂದು ಸ್ಟೂಲು ಎತ್ತಿ ಸೊಸೆಯ ಮುಂದೆ ಇಟ್ಟ.

ಆಸರೆ ಮರ ಹಿಂದಿನ ಜಾಗಕ್ಕೆ ಹೋಯಿತು, ಸೀಳಿದ ಗಾಜಿನ ಜಾಗಕ್ಕೆ ಹೊಸ ಗಾಜು ಬಂತು, ಗೋಡೆಯನ್ನು ಮೇಲಿಂದ ಒಂದೊಂದೇ ಸಾಲು ಬಿಡಿಸತೊಡಗಿದರು. ಸೊಸೆಯ ಬುಟ್ಟಿ ಅತ್ತೆಗೆ ಬಂತು. ಸವೆದ ಮಂಡಿಯಲ್ಲಿ ಅವಳು ಅರ್ಧ ಬುಟ್ಟಿ ಹೊತ್ತು ಕುಂಟಿಕೊಂಡು ನಡೆಯುತ್ತಿದ್ದಳು. ಅದರ ಬಗ್ಗೆ ಅವಳಿಗೆ ಬೇಸರವಿರಲಿಲ್ಲ, ಶಿಕ್ಷೆ ಇಷ್ಟಕ್ಕೇ ಮುಗಿದರೆ ಸಾಕು ಎನ್ನಿಸುತ್ತಿತ್ತು. ಅವಳ ಎದೆಯಲ್ಲಿದ್ದ ಭಯವೇ ಬೇರೆ. ಸೊಸೆ ಒಂದು ದಿನ ಕೂಗುತ್ತಾಳೆ. ಆಗ ಯಾರಾದರೂ ಒಬ್ಬರು, ನಿಜವೋ ಸುಳ್ಳೋ ಎಂದು ಒಂದು ಗಳಿಗೆ ನಿಂತರೆ? ಬುಟ್ಟಿ ಹೊತ್ತು ಹೋಗುವಾಗಲೆಲ್ಲ ಅವಳು ಒಬ್ಬೊಬ್ಬರ ಕಾಲನ್ನೂ ನೋಡುತ್ತಿದ್ದಳು. ಇವನು ನಿಲ್ಲುತ್ತಾನೆ, ಇವನಿಗೆ ಮೊದಲೇ ಅನುಮಾನ ಜಾಸ್ತಿ. ಅವನು ನಿಲ್ಲಲಾರ, ಪುಕ್ಕಲ. ಗೊಣಗಪ್ಪ ಖಂಡಿತ ನಿಲ್ಲುತ್ತಾನೆ, ನಿಂತು ಗೊಣಗಿ ಆಮೇಲೆ ಹೊರಡುತ್ತಾನೆ.

ಸೊಸೆಗೆ ಮೊದಲ ಎರಡು ದಿನ ಬೇರೊಂದು ಸಂಕಟ. "ಮೇಸ್ತ್ರಿ, ಅತ್ತೆಗೆ ಆ ಮಾತು ಹೇಗೆ ಏಕವಚನದಲ್ಲಿ ಅನ್ಲಿ?" ಎಂದು ಕೇಳಿದಳು.

"ನನಗೂ ಸೇರಿಸಿ ಅನ್ನು" ಎಂದ ಮೇಸ್ತ್ರಿ. "ಗೋಡೆ ಏನು ನಮ್ಗೆ ಬಹುವಚನ ಕೊಡತ್ತಾ?" ಅದೆಲ್ಲ ಆದ ಮೇಲೆ ತಂಡ ಮೊದಲ ಸಲ ನಕ್ಕಿತು. ಸ್ಟೂಲಕ್ಕನೂ ನಕ್ಕಳು.

ಒಂಬತ್ತನೆಯ ದಿನ, ಊಟಕ್ಕೆ ಇನ್ನೂ ಅರ್ಧ ಗಂಟೆಯಿತ್ತು. ಸ್ಟೂಲಕ್ಕ ಗೋಡೆಯ ಬುಡದಲ್ಲಿ ಬಗ್ಗಿ ಬುಟ್ಟಿಗೆ ಇಟ್ಟಿಗೆ ತುಂಬುತ್ತಿದ್ದಳು.

"ಓಡು."

ಸೊಸೆಯ ದನಿ ಸ್ವಲ್ಪವೂ ನಡುಗಿರಲಿಲ್ಲ. ಸುತ್ತಲೂ ಗುದ್ದಲಿ ಬಿದ್ದವು. ಅನುಮಾನದವನು ಓಡಿದ, ಪುಕ್ಕಲನೂ ಓಡಿದ, ಮೇಸ್ತ್ರಿ ಓಡಿದ. ಒಬ್ಬರೂ ನಿಲ್ಲಲಿಲ್ಲ. ಅವರ ನಂಬಿಕೆಗೆ ಏನೂ ಆಗಿರಲಿಲ್ಲ.

ನಿಂತವಳು ಸ್ಟೂಲಕ್ಕ. ನಿಜವಾ, ಎಂದು ಅವಳ ಮನಸ್ಸು ಕೇಳಿತು. ಹಾಗೆ ಕೂಗಿದವರು ತೂಕಡಿಸಿರಲೂಬಹುದು ಎಂದು ಆ ತಂಡದಲ್ಲಿ ಮೈಯಾರೆ ಗೊತ್ತಿದ್ದದ್ದು ಅವಳೊಬ್ಬಳಿಗೇ. ಕಾಲು ಏಳಲಿಲ್ಲ, ಕತ್ತು ತಿರುಗಿತು. ಗೋಡೆಯ ನೆತ್ತಿ ಆಕಾಶದೊಳಗೆ ನಿಧಾನಕ್ಕೆ ಮುಂದೆ ಬರುತ್ತಿರುವುದನ್ನು ಕಂಡಳು. ಕಂಡೂ ನಿಂತಿದ್ದಳು.

ಯಾರೋ ಅವಳ ರಟ್ಟೆ ಹಿಡಿದು ಎಳೆದರು. ಗೊಣಗಪ್ಪ. ಅವನು ಅರ್ಧ ದಾರಿ ಹೋಗಿದ್ದವನು, ಪಕ್ಕದಲ್ಲಿ ಹೆಜ್ಜೆ ಸದ್ದು ಕೇಳದೆ ವಾಪಸ್ ಬಂದಿದ್ದ. ಅವಳ ಕಾಲು ನೆಲಕ್ಕೆ ತಾಗಿತೋ ಇಲ್ಲವೋ, ಇಬ್ಬರೂ ರಸ್ತೆಯ ಅಂಚಿನಲ್ಲಿ ಬಿದ್ದಾಗ ಹಿಂದೆ ನೆಲ ಅದುರಿತು. ದೂಳು ಅವರ ಮೇಲಿಂದ ಹಾದು ಎದುರಿನ ಅಂಗಡಿಗಳವರೆಗೂ ಹೋಯಿತು. ದೂಳು ಇಳಿದಾಗ ಗೊಣಗಪ್ಪನ ಹಿಮ್ಮಡಿಯಿಂದ ರಕ್ತ ಬರುತ್ತಿತ್ತು, ಒಂದು ಇಟ್ಟಿಗೆ ಸವರಿಕೊಂಡು ಹೋಗಿತ್ತು. ಇನ್ನೊಂದು ಮೊಳ ಹಿಂದಿದ್ದರೆ ಕಾಲೇ ಇರುತ್ತಿರಲಿಲ್ಲ.

ಮೇಸ್ತ್ರಿ ಅವನ ಕಾಲಿಗೆ ಬಟ್ಟೆ ಸುತ್ತಿದ. ಸುತ್ತುತ್ತಲೇ ಕೇಳಿದ. "ಯಾಕೆ ನಿಂತ್ರಿ ಅಕ್ಕ? ಕಾಲು ಸಿಕ್ಕಿಹಾಕ್ಕೊಂಡಿತ್ತಾ?"

ಉತ್ತರವನ್ನು ಅವನೇ ಕೈಗೆ ಕೊಟ್ಟಿದ್ದ. ಹೌದು ಎಂದರೆ ಮುಗಿಯುತ್ತಿತ್ತು. ಸವೆದ ಮಂಡಿ, ಇಟ್ಟಿಗೆ ರಾಶಿ, ಯಾರೂ ಅನುಮಾನಪಡುತ್ತಿರಲಿಲ್ಲ. ಸೊಸೆ ಸ್ಟೂಲಿನ ಪಕ್ಕ ನಿಂತು ಅವಳನ್ನೇ ನೋಡುತ್ತಿದ್ದಳು. ಹೌದು ಎನ್ನಲಿ ಎಂಬ ಆಸೆ ಆ ಮುಖದಲ್ಲಿ ಕಾಣುತ್ತಿತ್ತು.

"ಇಲ್ಲ" ಎಂದಳು ಸ್ಟೂಲಕ್ಕ. "ನಿಜಾನಾ ಅಂತ ತಿರುಗಿ ನೋಡ್ದೆ."

ಸೊಸೆಯ ಮುಖ ಬಿಳಿಚಿಕೊಂಡಿತು. ಗೊಣಗಪ್ಪ ನೋವಿಗೆ ಮುಖ ಕಿವುಚಿ, "ನಾವೆಲ್ಲ ನಿಲ್ತೀವಿ ಅಂತ ನೀವು ನಮ್ಮ ಕಾಲು ನೋಡ್ಕೊಂಡು ತಿರುಗ್ತಿದ್ರಿ" ಎಂದ. ಅವನಿಗೆ ಅದೂ ಗೊತ್ತಿತ್ತು.

"ನಿನ್ನ ಕಾಲಿಗೆ ಏಟು ನನ್ನಿಂದಾಗಿದ್ದು" ಎಂದಳು ಅವಳು. ಆಮೇಲೆ ಮೇಸ್ತ್ರಿಯ ಕಡೆ ತಿರುಗಿ, "ನನ್ನನ್ನ ಇನ್ನು ಗೋಡೆ ಕೆಳಗೆ ಬಿಡಬೇಡ. ನಾನು ನಿಂತ್ರೆ ನನ್ನ ಜೊತೆ ಇನ್ನೊಬ್ರು ನಿಲ್ತಾರೆ" ಎಂದಳು.

ಮೇಸ್ತ್ರಿ ಬೇಡವೆನ್ನಲಿಲ್ಲ. "ರಸ್ತೆ ಆಚೆ ಇಟ್ಟಿಗೆಗೆ ಅಂಟಿರೋ ಗಾರೆ ಕೆರೆಯೋ ಕೆಲಸ ಇದೆ. ನಾಳೆಯಿಂದ ಅಲ್ಲಿ ಕೂತ್ಕೊಳ್ಳಿ" ಎಂದ.

ಸಂಜೆ ಅತ್ತೆ ಸೊಸೆ ಬಸ್ ನಿಲ್ದಾಣದಲ್ಲಿ ನಿಂತಿದ್ದರು. ಎರಡು ಬಸ್ಸು ತುಂಬಿ ಹೋದವು, ಹತ್ತಲಾಗಲಿಲ್ಲ. ಸೊಸೆ ಅತ್ತೆಯ ಕಡೆ ತಿರುಗಿದಳು.

"ನಾನು ಕೂಗಿದ್ದು ಸುಳ್ಳು ಅನ್ಕೊಂಡ್ರಾ ಅತ್ತೆ?"

"ನಾನು ಕೂಗಿದ್ದು ಸುಳ್ಳಾಗಿತ್ತಲ್ಲ ತಾಯಿ" ಎಂದಳು ಸ್ಟೂಲಕ್ಕ. "ಒಂದ್ಸಲ ಹಾಗಂದ ಬಾಯಿ ಪಕ್ಕದಲ್ಲೇ ನನ್ನ ಕಿವಿ ಇರೋದು. ನಿನ್ನ ಮಾತಿಗೇನೂ ಕಮ್ಮಿ ಇಲ್ಲ. ಕೆಟ್ಟಿರೋದು ಈ ಕಿವಿ. ಇನ್ನು ಅದಕ್ಕೆ ಆ ಮಾತು ಕೇಳಿಸಿದ್ರೂ ಒಂದೇ, ಬಿಟ್ರೂ ಒಂದೇ."

ಸೊಸೆ ಮೂಗೆಳೆದುಕೊಂಡಳು. ಅತ್ತೆಯ ಕೈಯಿಂದ ಊಟದ ಡಬ್ಬಿಯ ಚೀಲ ಕಿತ್ತುಕೊಂಡು ತನ್ನ ಹೆಗಲಿಗೆ ಹಾಕಿಕೊಂಡಳು.

"ನಾಳೆ ಇಟ್ಟಿಗೆ ಕೆರೆಯೋಕೆ ಲಾರಿ ಹಿಂದೆ ಕೂತ್ಕೊಳ್ಳಿ" ಎಂದಳು. "ನನ್ನ ಕಣ್ಣಿಗೆ ಬೀಳೋ ಕಡೆ ಕೂತ್ಕೋಬೇಡಿ. ನಿಮ್ಮನ್ನ ನೋಡ್ತಾ ಕೂತ್ರೆ ಗೋಡೆ ನೋಡೋರ್ಯಾರು?"

"ಆಯ್ತು" ಎಂದಳು ಸ್ಟೂಲಕ್ಕ. "ರಾತ್ರಿ ನೀನು ಬೇಗ ಮಲಗು. ಮಗೂನ ನಾನು ನೋಡ್ಕೋತೀನಿ."

ಮೂರನೆಯ ಬಸ್ಸು ಬಂತು. ಅದರಲ್ಲಿ ನಿಲ್ಲುವುದಕ್ಕೆ ಜಾಗವಿತ್ತು, ಇಬ್ಬರೂ ಹತ್ತಿದರು.